ಲೂಯಿ ಡಿ ಬ್ರಾಯ್

ಲೂಯಿ ವಿಕ್ಟರ್ ಪಿಯೆರ್ ರೇಮಂಡ್ ಡಿ ಬ್ರಾಯ್ (15 ಆಗಸ್ಟ್ 1892 – 19 ಮಾರ್ಚ್ 1987) ಫ್ರಾನ್ಸ್ ದೇಶದ ಸೈದ್ಧಾಂತಿಕ ಭೌತವಿಜ್ಞಾನಿ. ಎಲೆಕ್ಟ್ರಾನಿನಂತಹ ದ್ರವ್ಯಕಣಗಳಿಗೂ ಅಲೆಯ ಸ್ವಭಾವವಿದೆ ಎಂದು 1923–24ರಲ್ಲಿ ಪ್ರತಿಪಾದಿಸಿ, ಕ್ವಾಂಟಂ ಬಲವಿಜ್ಞಾನಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರಾದರು. ಈ ಶೋಧನೆಗಾಗಿ ಅವರಿಗೆ 1929ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಪ್ರತಿಯೊಂದು ಕಣವನ್ನೂ ಅದರ ಜೊತೆಗಿರುವ ಅಲೆಯೊಂದು ದಾರಿ ತೋರಿ ನಡೆಸುತ್ತದೆ ಎಂಬ ಅವರ ‘ಮಾರ್ಗದರ್ಶಿ ತರಂಗ’ದ ಕಲ್ಪನೆಯನ್ನು 1927ರಲ್ಲಿ ಸಮಕಾಲೀನರು ಒಪ್ಪಲಿಲ್ಲ. ಅವರೇ ಅದನ್ನು ಕೈಬಿಟ್ಟು, ಸುಮಾರು ಕಾಲು ಶತಮಾನದ ನಂತರ ಮತ್ತೆ ಕೈಗೆತ್ತಿಕೊಂಡರು. ಅವರು ನಿಧನರಾದ 18 ವರ್ಷಗಳ ಬಳಿಕ, ಅದುರುವ ಎಣ್ಣೆಯ ಮೇಲೆ ಪುಟಿಯುವ ಹನಿಯೊಂದು ತಾನೇ ಎಬ್ಬಿಸಿದ ಅಲೆಯ ಆಸರೆಯಿಂದ ಮುಂದೆ ನಡೆಯುವುದನ್ನು ಪ್ಯಾರಿಸ್ಸಿನ ಪ್ರಯೋಗಾಲಯವೊಂದು ತೋರಿಸಿದಾಗ ಈ ಹಳೆಯ ಕಲ್ಪನೆಯತ್ತ ವಿಜ್ಞಾನಿಗಳ ಗಮನ ಮತ್ತೆ ಹರಿಯಿತು.

ಹೆಸರು ಮತ್ತು ಮನೆತನ

ಪಠ್ಯಪುಸ್ತಕಗಳಲ್ಲಿ ಇವರ ಹೆಸರು ಇಂಗ್ಲಿಷ್ ಅಕ್ಷರಗಳನ್ನು ಅನುಸರಿಸಿ ‘ಡಿ ಬ್ರಾಗ್ಲಿ’ ಎಂದು ಕಂಡುಬರುವುದುಂಟು. ಫ್ರೆಂಚ್ ಉಚ್ಚಾರಣೆಯಲ್ಲಿ ‘ಗ’ಕಾರ ಕೇಳಿಸುವುದಿಲ್ಲ. ಮನೆತನದ ಮೂಲ ಇಟಲಿಯ ಪೀಡ್‌ಮಾಂಟ್ ಪ್ರಾಂತ. 17ನೆಯ ಶತಮಾನದಲ್ಲಿ ಫ್ರಾನ್ಸಿಗೆ ಬಂದು ನೆಲೆಸಿದ ಈ ಕುಟುಂಬ ದೇಶಕ್ಕೆ ಸೇನಾನಿಗಳನ್ನೂ ರಾಜತಂತ್ರಜ್ಞರನ್ನೂ ಮಂತ್ರಿಗಳನ್ನೂ ಕೊಟ್ಟಿತು. ಪೂರ್ವಜರಲ್ಲಿ ಒಬ್ಬರಾದ ಕ್ಲೋಡ್ ವಿಕ್ಟರ್ ಡಿ ಬ್ರಾಯ್ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಗಿಲೊಟಿನ್‌ಗೆ ಬಲಿಯಾದರು. ಅಜ್ಜ ಆಲ್ಬೆರ್ ಡಿ ಬ್ರಾಯ್ 1870ರ ದಶಕದಲ್ಲಿ ಎರಡು ಬಾರಿ ಫ್ರಾನ್ಸಿನ ಸರ್ಕಾರವನ್ನು ಮುನ್ನಡೆಸಿದವರು, ಇತಿಹಾಸಕಾರರೂ ಆಗಿದ್ದರು. ಇಂತಹ ಮನೆಯಲ್ಲಿ ಹುಟ್ಟಿದ ಹುಡುಗ ರಾಜಕೀಯಕ್ಕೋ ರಾಯಭಾರಕ್ಕೋ ಸೇನೆಗೋ ಸೇರುವುದು ವಾಡಿಕೆಯಾಗಿತ್ತು; ಭೌತವಿಜ್ಞಾನ ಆ ವಾಡಿಕೆಗೆ ಹೊರತಾದ ದಾರಿ.

ಆ ದಾರಿಯನ್ನು ಮೊದಲು ತುಳಿದವರು ಲೂಯಿಯ ಅಣ್ಣ ಮಾರಿಸ್ ಡಿ ಬ್ರಾಯ್ (1875–1960). ನೌಕಾಪಡೆಯ ಅಧಿಕಾರಿಯಾಗಿದ್ದ ಅವರು ಆ ವೃತ್ತಿಯನ್ನು ಬಿಟ್ಟು, ಪ್ಯಾರಿಸ್ಸಿನ ತಮ್ಮ ಮನೆಯಲ್ಲೇ ಸ್ವಂತ ಖರ್ಚಿನಿಂದ ಪ್ರಯೋಗಾಲಯವೊಂದನ್ನು ಕಟ್ಟಿಕೊಂಡು ಕ್ಷ-ಕಿರಣಗಳ ಅಧ್ಯಯನದಲ್ಲಿ ತೊಡಗಿದರು. ಅಕ್ಕ ಪೊಲೀನ್ ಲೇಖಕಿಯಾಗಿ ಹೆಸರಾದರು.

ಬಾಲ್ಯ ಮತ್ತು ಶಿಕ್ಷಣ

ಲೂಯಿ ಹುಟ್ಟಿದ್ದು ನಾರ್ಮಂಡಿಯ ಕಡಲತೀರದ ದಿಯೆಪ್ ಪಟ್ಟಣದಲ್ಲಿ. ಒಡಹುಟ್ಟಿದವರಲ್ಲಿ ಕಿರಿಯವರು. 1906ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ ಸುಮಾರು 14 ವರ್ಷ. 17 ವರ್ಷ ಹಿರಿಯರಾದ ಮಾರಿಸ್ ತಮ್ಮನ ಓದಿನ ಹೊಣೆಯನ್ನು ಹೊತ್ತುಕೊಂಡರು. ಅಲ್ಲಿಯವರೆಗೆ ಮನೆಯಲ್ಲೇ ಪಾಠ ಹೇಳಿಸಿಕೊಳ್ಳುತ್ತಿದ್ದ ಹುಡುಗ ಪ್ಯಾರಿಸ್ಸಿನ ಜಾನ್ಸನ್ ದ ಸಾಯಿ ಶಾಲೆಗೆ ಸೇರಿ 1909ರಲ್ಲಿ ಅಲ್ಲಿಯ ಓದನ್ನು ಮುಗಿಸಿದರು.

ಸೊರ್ಬಾನ್‌ನಲ್ಲಿ ಅವರು ಮೊದಲು ಆರಿಸಿಕೊಂಡ ವಿಷಯ ಇತಿಹಾಸ. 1910ರಲ್ಲಿ ಆ ವಿಷಯದಲ್ಲಿ ಪದವಿಯನ್ನೂ ಪಡೆದರು. ನಂತರ ಕೆಲಕಾಲ ಕಾನೂನನ್ನು ಓದಿದರು. ಮನಸ್ಸು ಎಲ್ಲಿಯೂ ನೆಲೆಗೊಳ್ಳದೆ ಇದ್ದ ಆ ದಿನಗಳಲ್ಲಿ ಅವರ ಕೈಗೆ ಬಂದದ್ದು 1911ರ ಮೊದಲ ಸಾಲ್ವೆ ಸಮ್ಮೇಳನದ ವರದಿ. ಬ್ರಸೆಲ್ಸ್‌ನಲ್ಲಿ ನಡೆದ ಆ ಸಭೆಯಲ್ಲಿ ಪ್ಲಾಂಕ್, ಐನ್‌ಸ್ಟೈನ್, ಲೊರೆಂಟ್ಸ್, ಪ್ವಾಂಕರೆ, ಮೇರಿ ಕ್ಯೂರಿ ಮೊದಲಾದವರು ಕ್ವಾಂಟಂ ಎಂಬ ಹೊಸ ಒಗಟನ್ನು ಚರ್ಚಿಸಿದ್ದರು. ಮಾರಿಸ್ ಅದರ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿದ್ದು, ಪೌಲ್ ಲಾಂಜೆವಿನ್ ಅವರೊಡನೆ ವರದಿಯನ್ನು ಸಂಪಾದಿಸುತ್ತಿದ್ದರು. ಅದನ್ನು ಓದಿದ ಲೂಯಿ ವಿಜ್ಞಾನಕ್ಕೆ ತಿರುಗಿ, 1913ರಲ್ಲಿ ವಿಜ್ಞಾನ ಪದವಿ ಪಡೆದರು.

ಅದೇ ವರ್ಷ ಕಡ್ಡಾಯ ಸೇನಾಸೇವೆ ಆರಂಭವಾಯಿತು. ಅದು ಮುಗಿಯುವ ಮೊದಲೇ ಮೊದಲನೆಯ ಮಹಾಯುದ್ಧ ಬಂದು, ಅವರು 1919ರವರೆಗೂ ಸೇನೆಯಲ್ಲಿ ಉಳಿಯಬೇಕಾಯಿತು. ಯುದ್ಧಕಾಲದ ಬಹುಭಾಗವನ್ನು ಅವರು ಕಳೆದದ್ದು ಐಫೆಲ್ ಗೋಪುರದ ನಿಸ್ತಂತು ಕೇಂದ್ರದಲ್ಲಿ. ಅಲೆಗಳನ್ನು ಕಳುಹಿಸುವ, ಹಿಡಿಯುವ ಯಂತ್ರಗಳ ನಡುವೆ ಹಲವು ವರ್ಷ ಕೆಲಸ ಮಾಡಿದ್ದು ಮುಂದಿನ ಅವರ ಚಿಂತನೆಗೆ ಒದಗಿಬಂದಿರಬೇಕು ಎಂದು ಊಹಿಸುವುದಕ್ಕೆ ಆಧಾರವಿದೆ. ಅವರ ಸಿದ್ಧಾಂತದಲ್ಲಿ ಆವೃತ್ತಿ ಮತ್ತು ಹಂತಗಳ ಮಾತು ಮೊದಲಿನಿಂದ ಕೊನೆಯವರೆಗೂ ಇದೆ.

ದ್ರವ್ಯ ತರಂಗಗಳ ಕಲ್ಪನೆ

ಯುದ್ಧದ ನಂತರ ಲೂಯಿ ಅಣ್ಣನ ಪ್ರಯೋಗಾಲಯಕ್ಕೆ ಬಂದರು. ಅಲ್ಲಿ ನಡೆಯುತ್ತಿದ್ದ ಕ್ಷ-ಕಿರಣಗಳ ಅಧ್ಯಯನ ಆ ಕಾಲದ ಮುಖ್ಯ ಗೊಂದಲವನ್ನು ದಿನವೂ ಕಣ್ಣಮುಂದೆ ಇರಿಸುತ್ತಿತ್ತು. ಹರಳಿನ ಮೂಲಕ ಹಾಯುವಾಗ ಕ್ಷ-ಕಿರಣಗಳು ಅಲೆಗಳಂತೆ ವಿವರ್ತನೆ ಹೊಂದುತ್ತಿದ್ದವು. ಪರಮಾಣುವಿನಿಂದ ಎಲೆಕ್ಟ್ರಾನನ್ನು ಹೊರದೂಡುವಾಗ ಮಾತ್ರ ಶಕ್ತಿಯ ಇಡಿಗಂಟುಗಳಂತೆ, ಅಂದರೆ ಕಣಗಳಂತೆ ವರ್ತಿಸುತ್ತಿದ್ದವು. ಬೆಳಕಿಗೆ ಎರಡು ಮುಖಗಳಿವೆ ಎಂದು ಐನ್‌ಸ್ಟೈನ್ 1905ರಿಂದ ಹೇಳುತ್ತಾ ಬಂದಿದ್ದರು. ಲೂಯಿ ಡಿ ಬ್ರಾಯ್ ಪ್ರಶ್ನೆಯನ್ನು ತಿರುವಿ ಹಾಕಿದರು. ಅಲೆಯೆಂದು ತಿಳಿದಿದ್ದ ಬೆಳಕಿಗೆ ಕಣದ ಗುಣವಿರುವುದಾದರೆ, ಕಣವೆಂದು ತಿಳಿದಿರುವ ಎಲೆಕ್ಟ್ರಾನಿಗೆ ಅಲೆಯ ಗುಣ ಏಕಿರಬಾರದು?

1923ರ ಸೆಪ್ಟೆಂಬರ್ 10, ಸೆಪ್ಟೆಂಬರ್ 24 ಮತ್ತು ಅಕ್ಟೋಬರ್ 8ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಮೂರು ಕಿರುಟಿಪ್ಪಣಿಗಳು ಸಲ್ಲಿಕೆಯಾದವು. ಅವುಗಳ ತರ್ಕ ಆರಂಭವಾಗುವುದು ಎರಡು ಪ್ರಸಿದ್ಧ ಸಮೀಕರಣಗಳಿಂದ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ದ್ರವ್ಯರಾಶಿಯೂ ಶಕ್ತಿಯೇ. ಪ್ಲಾಂಕ್ ನಿಯಮದ ಪ್ರಕಾರ ಪ್ರತಿ ಶಕ್ತಿಗೂ ಒಂದು ಆವೃತ್ತಿಯಿದೆ. ಎರಡನ್ನೂ ಸೇರಿಸಿದರೆ, ನಿಂತಿರುವ ಎಲೆಕ್ಟ್ರಾನಿನೊಳಗೂ ಒಂದು ಆಂತರಿಕ ಮಿಡಿತವಿರಬೇಕೆಂದು ಬರುತ್ತದೆ. ಲೆಕ್ಕದ ಪ್ರಕಾರ ಅದರ ವೇಗ ಸೆಕೆಂಡಿಗೆ 1ರ ಮುಂದೆ 20 ಸೊನ್ನೆಗಳಿಗೂ ಮಿಗಿಲು. ಹೀಗೆ ಕಣವೆಂದರೆ ಸದಾ ಮಿಡಿಯುವ ಪುಟ್ಟ ಗಡಿಯಾರ. ಕಣ ಚಲಿಸುವಾಗ ಅದರ ಸುತ್ತ ಹರಡಿಕೊಂಡ ಅಲೆಯೊಂದು ಜೊತೆಗೂಡುತ್ತದೆ, ಮತ್ತು ಗಡಿಯಾರದ ಮಿಡಿತ ಆ ಅಲೆಯ ಏರಿಳಿತದೊಡನೆ ಯಾವಾಗಲೂ ತಾಳ ತಪ್ಪದೆ ಹೊಂದಿಕೊಂಡಿರುತ್ತದೆ. ಡಿ ಬ್ರಾಯ್ ತಮ್ಮ ಸಿದ್ಧಾಂತದ ಜೀವಾಳವೆಂದು ಭಾವಿಸಿದ್ದು ಈ ಹೊಂದಾಣಿಕೆಯನ್ನು. ಇಂದಿನ ಪಠ್ಯಪುಸ್ತಕಗಳು ಅದನ್ನು ಬಿಟ್ಟು ಅದರ ಫಲಿತಾಂಶವನ್ನು ಮಾತ್ರ ಹೇಳುತ್ತವೆ: ಅಲೆಯ ತರಂಗದೂರವು ಪ್ಲಾಂಕ್ ಸ್ಥಿರಾಂಕವನ್ನು ಕಣದ ಸಂವೇಗದಿಂದ ಭಾಗಿಸಿದಷ್ಟಿರುತ್ತದೆ.

ಈ ಸೂತ್ರದಿಂದ ನೀಲ್ಸ್ ಬೋರ್ 1913ರಲ್ಲಿ ಮಂಡಿಸಿದ್ದ ಪರಮಾಣುವಿನ ಚಿತ್ರಕ್ಕೆ ಒಂದು ಕಾರಣ ಸಿಕ್ಕಿತು. ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಕೆಲವು ಕಕ್ಷೆಗಳಲ್ಲಿ ಮಾತ್ರ ಇರಬಲ್ಲವು ಎಂದು ಬೋರ್ ಹೇಳಿದ್ದರು. ಏಕೆ ಎಂಬುದು ತಿಳಿದಿರಲಿಲ್ಲ. ವೀಣೆಯ ತಂತಿ ಎರಡು ತುದಿಗಳ ನಡುವೆ ಸರಿಯಾಗಿ ಹೊಂದುವ ಅಲೆಗಳನ್ನಷ್ಟೇ ಉಳಿಸಿಕೊಳ್ಳುವಂತೆ, ಕಕ್ಷೆಯ ಸುತ್ತಳತೆಯಲ್ಲಿ ಪೂರ್ಣಸಂಖ್ಯೆಯ ಅಲೆಗಳು ಹಿಡಿಸಿದಾಗ ಮಾತ್ರ ಎಲೆಕ್ಟ್ರಾನಿನ ಅಲೆ ತನ್ನನ್ನು ತಾನೇ ಅಳಿಸಿಕೊಳ್ಳದೆ ಉಳಿಯುತ್ತದೆ. ದೊಡ್ಡ ವಸ್ತುಗಳಲ್ಲಿ ಅಲೆಯ ಸ್ವಭಾವ ಏಕೆ ಕಾಣುವುದಿಲ್ಲ ಎಂಬುದಕ್ಕೂ ಅದೇ ಸೂತ್ರ ಉತ್ತರ ಕೊಡುತ್ತದೆ. ಗಂಟೆಗೆ 144 ಕಿ.ಮೀ. ವೇಗದಲ್ಲಿ ಎಸೆದ 160 ಗ್ರಾಂ ತೂಕದ ಕ್ರಿಕೆಟ್ ಚೆಂಡಿನ ತರಂಗದೂರ, ಒಂದು ಮೀಟರನ್ನು 1ರ ಮುಂದೆ 34 ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದಷ್ಟು. ಅದನ್ನು ಅಳೆಯಬಲ್ಲ ಉಪಕರಣವಿಲ್ಲ.

ಪಿಎಚ್.ಡಿ. ಪ್ರಬಂಧ ಮತ್ತು ಐನ್‌ಸ್ಟೈನ್

ಈ ವಿಚಾರಗಳನ್ನು ವಿಸ್ತರಿಸಿ ಬರೆದ ಸಂಶೋಧನಾ ಪ್ರಬಂಧವನ್ನು ಅವರು 1924ರ ನವೆಂಬರ್ 25ರಂದು ಸೊರ್ಬಾನ್‌ನಲ್ಲಿ ಮಂಡಿಸಿದರು. ಪರೀಕ್ಷಕರಾಗಿದ್ದವರು ಜಾನ್ ಪೆರಿನ್, ಎಲಿ ಕಾರ್ಟಾನ್, ಶಾರ್ಲ್ ಮೊಗೆನ್ ಮತ್ತು ಲಾಂಜೆವಿನ್. ಗಣಿತದಲ್ಲಿ ದೋಷ ಕಾಣದಿದ್ದರೂ, ಈ ಅಲೆಗಳು ನಿಜವಾಗಿ ಇವೆಯೇ ಎಂಬ ವಿಷಯದಲ್ಲಿ ಪರೀಕ್ಷಕರಿಗೆ ಖಚಿತ ಅಭಿಪ್ರಾಯವಿರಲಿಲ್ಲ. ಪ್ರಯೋಗದಿಂದ ತೋರಿಸುವ ಬಗೆ ಯಾವುದೆಂದು ಪೆರಿನ್ ಕೇಳಿದಾಗ, ಹರಳಿನಿಂದ ಎಲೆಕ್ಟ್ರಾನುಗಳು ಚದರುವುದನ್ನು ನೋಡಬಹುದೆಂದು ಡಿ ಬ್ರಾಯ್ ಸೂಚಿಸಿದರು.

ಪ್ರಬಂಧದ ಪ್ರತಿಯೊಂದನ್ನು ಲಾಂಜೆವಿನ್ ಐನ್‌ಸ್ಟೈನ್‌ಗೆ ಕಳುಹಿಸಿದರು. ಅದು ತಲಪಿದ ಸಮಯ ಮುಖ್ಯವಾದುದು. ಢಾಕಾ ವಿಶ್ವವಿದ್ಯಾಲಯದ ಸತ್ಯೇಂದ್ರನಾಥ ಬೋಸ್ 1924ರ ಜೂನ್‌ನಲ್ಲಿ ಕಳುಹಿಸಿದ್ದ ಲೇಖನದ ಜಾಡನ್ನು ಹಿಡಿದು ಐನ್‌ಸ್ಟೈನ್ ಅನಿಲಗಳ ಕ್ವಾಂಟಂ ಸಿದ್ಧಾಂತವನ್ನು ಆಗ ಬೆಳೆಸುತ್ತಿದ್ದರು. ಅವರ ಲೆಕ್ಕದಲ್ಲಿ ಅನಿಲದ ಅಣುಗಳಿಗೆ ಅಲೆಯಂತಹ ಒಂದು ಗುಣ ಬರುತ್ತಿತ್ತು, ಮತ್ತು ಅದಕ್ಕೆ ಅರ್ಥ ಕೊಡುವ ಪ್ರಬಂಧ ಪ್ಯಾರಿಸ್ಸಿನಿಂದ ಬಂದಿತು. 1925ರ ಆರಂಭದ ತಮ್ಮ ಲೇಖನದಲ್ಲಿ ಐನ್‌ಸ್ಟೈನ್ ಅದನ್ನು ಹೆಸರಿಸಿ ಮೆಚ್ಚಿದರು. ಬೋಸ್ ಅವರೂ ಆ ಚಳಿಗಾಲ ಪ್ಯಾರಿಸ್ಸಿನಲ್ಲೇ ಇದ್ದು, ಮಾರಿಸ್ ಡಿ ಬ್ರಾಯ್ ಪ್ರಯೋಗಾಲಯದಲ್ಲಿ ಕೆಲಕಾಲ ಕ್ಷ-ಕಿರಣ ತಂತ್ರಗಳನ್ನು ಕಲಿತರು. ಐನ್‌ಸ್ಟೈನ್ ಲೇಖನದ ಮೂಲಕ ಡಿ ಬ್ರಾಯ್ ಅವರ ಕೆಲಸವನ್ನು ತಿಳಿದ ಎರ್ವಿನ್ ಶ್ರೋಡಿಂಗರ್ 1926ರಲ್ಲಿ ದ್ರವ್ಯ ತರಂಗಗಳು ಪಾಲಿಸುವ ಸಮೀಕರಣವನ್ನು ಕಂಡುಕೊಂಡರು.

ಪ್ರಯೋಗದ ಸಾಕ್ಷ್ಯ 1927ರಲ್ಲಿ ಎರಡು ಕಡೆಗಳಿಂದ ಬಂದಿತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕ್ಲಿಂಟನ್ ಡೇವಿಸನ್ ಮತ್ತು ಲೆಸ್ಟರ್ ಜರ್ಮರ್ ನಿಕ್ಕಲ್ ಹರಳಿನ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿದಾಗ, 54 ವೋಲ್ಟ್‌ನಲ್ಲಿ 50 ಡಿಗ್ರಿ ಕೋನದ ದಿಕ್ಕಿನಲ್ಲಿ ಅವು ದಟ್ಟವಾಗಿ ಚದರಿದವು. ಅದರಿಂದ ಲೆಕ್ಕ ಹಾಕಿದ ತರಂಗದೂರ 0.165 ನ್ಯಾನೊಮೀಟರ್, ಡಿ ಬ್ರಾಯ್ ಸೂತ್ರ ಕೊಡುವ ಬೆಲೆ 0.167. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾರ್ಜ್ ಪೇಜೆಟ್ ಥಾಮ್ಸನ್ ತೆಳು ಹಾಳೆಗಳ ಮೂಲಕ ಎಲೆಕ್ಟ್ರಾನುಗಳನ್ನು ಕಳುಹಿಸಿ ವಿವರ್ತನೆಯ ಉಂಗುರಗಳನ್ನು ಪಡೆದರು. ಎಲೆಕ್ಟ್ರಾನ್ ಕಣವೆಂದು 1897ರಲ್ಲಿ ತೋರಿಸಿದ ಜೆ. ಜೆ. ಥಾಮ್ಸನ್ ಅವರ ಮಗನೇ ಅದು ಅಲೆಯೂ ಹೌದೆಂದು ತೋರಿಸಿದಂತಾಯಿತು. ಎರಡು ವರ್ಷಗಳ ಬಳಿಕ, 37ನೆಯ ವಯಸ್ಸಿನಲ್ಲಿ, ಡಿ ಬ್ರಾಯ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಡೇವಿಸನ್ ಮತ್ತು ಥಾಮ್ಸನ್ 1937ರಲ್ಲಿ ಅದನ್ನು ಹಂಚಿಕೊಂಡರು.

ಮಾರ್ಗದರ್ಶಿ ತರಂಗ ಮತ್ತು 1927ರ ಸಾಲ್ವೆ ಸಮ್ಮೇಳನ

ಅಲೆ ಇದೆ ಎಂದು ಒಪ್ಪಿದ ಮೇಲೆ ಉಳಿದ ಪ್ರಶ್ನೆ, ಆ ಅಲೆ ಏನು ಎಂಬುದು. ಮ್ಯಾಕ್ಸ್ ಬಾರ್ನ್ 1926ರಲ್ಲಿ ಕೊಟ್ಟ ಉತ್ತರದಂತೆ, ಕಣ ಎಲ್ಲಿ ಸಿಗಬಹುದೆಂಬ ಸಂಭವನೀಯತೆಯನ್ನು ಮಾತ್ರ ಅಲೆ ತಿಳಿಸುತ್ತದೆ. ಬೋರ್, ಹೈಸೆನ್‌ಬರ್ಗ್ ಮತ್ತು ಅವರ ಸಂಗಡಿಗರು ಇನ್ನೂ ಮುಂದೆ ಹೋಗಿ, ಅಳತೆ ಮಾಡುವ ಮೊದಲು ಕಣಕ್ಕೆ ನಿಶ್ಚಿತ ಸ್ಥಾನವಿದೆ ಎಂದು ಹೇಳುವುದಕ್ಕೇ ಅರ್ಥವಿಲ್ಲ ಎಂಬ ನಿಲುವಿಗೆ ಬಂದರು. ಇದು ಕೋಪನ್‌ಹೇಗನ್ ವ್ಯಾಖ್ಯಾನವೆಂದು ಹೆಸರಾಗಿದೆ.

ಡಿ ಬ್ರಾಯ್ ಅವರ ನೋಟ ಬೇರೆಯಾಗಿತ್ತು. ಕಣವೂ ನಿಜ, ಅಲೆಯೂ ನಿಜ. ಕಣ ಎಂದಿಗೂ ಒಂದು ನಿಶ್ಚಿತ ಜಾಗದಲ್ಲಿದ್ದು ಅಲೆ ಅದನ್ನು ನಡೆಸುತ್ತದೆ. 1927ರಲ್ಲಿ ಪ್ರಕಟಿಸಿದ ‘ಇಮ್ಮಡಿ ಪರಿಹಾರ’ದ ಸಿದ್ಧಾಂತದಲ್ಲಿ ಅವರು ಎರಡು ಅಲೆಗಳನ್ನು ಕಲ್ಪಿಸಿದರು. ಒಂದು, ಕಣವನ್ನೇ ತನ್ನ ನಡುವಿನ ತೀವ್ರ ಬಿಂದುವಾಗಿ ಹೊತ್ತ ಭೌತಿಕ ಅಲೆ. ಇನ್ನೊಂದು, ಅನೇಕ ಕಣಗಳ ಸರಾಸರಿ ವರ್ತನೆಯನ್ನು ಹೇಳುವ ಶ್ರೋಡಿಂಗರ್ ಅಲೆ. ಇದರ ಗಣಿತ ಬಹಳ ಕಠಿಣವಾಗಿದ್ದುದರಿಂದ, ಅಕ್ಟೋಬರ್‌ನಲ್ಲಿ ಬ್ರಸೆಲ್ಸ್‌ನ ಐದನೆಯ ಸಾಲ್ವೆ ಸಮ್ಮೇಳನಕ್ಕೆ ಹೋಗುವಾಗ ಅವರು ಸರಳಗೊಳಿಸಿದ ರೂಪವನ್ನು ಕೊಂಡೊಯ್ದರು. ಅದರಲ್ಲಿ ಶ್ರೋಡಿಂಗರ್ ಅಲೆಯೇ ಕಣಕ್ಕೆ ದಾರಿ ತೋರುತ್ತದೆ. ಮಾರ್ಗದರ್ಶಿ ತರಂಗ ಎಂದು ಪ್ರಸಿದ್ಧವಾದದ್ದು ಈ ರೂಪ.

ಸಮ್ಮೇಳನದ ಪ್ರಸಿದ್ಧ ಛಾಯಾಚಿತ್ರದಲ್ಲಿರುವ 29 ಮಂದಿಯಲ್ಲಿ ಅವರು ನಡುವಿನ ಸಾಲಿನಲ್ಲಿ, ಮ್ಯಾಕ್ಸ್ ಬಾರ್ನ್ ಪಕ್ಕದಲ್ಲಿ ಕುಳಿತಿದ್ದಾರೆ. ಸಭೆಯಲ್ಲಿ ಅವರ ಪಕ್ಕಕ್ಕೆ ನಿಂತವರು ಕಡಿಮೆ. ವೋಲ್ಫ್‌ಗಾಂಗ್ ಪೌಲಿ, ಕಣವೊಂದು ತಿರುಗುವ ಕಾಯಕ್ಕೆ ಢಿಕ್ಕಿ ಹೊಡೆದು ಶಕ್ತಿಯನ್ನು ಕೊಡುವ ಸಂದರ್ಭವನ್ನು ಮುಂದಿಟ್ಟು, ಢಿಕ್ಕಿಯ ನಂತರ ಆ ಕಾಯ ಒಂದು ನಿಶ್ಚಿತ ಸ್ಥಿತಿಯಲ್ಲಿ ಉಳಿಯುವುದನ್ನು ಈ ಸಿದ್ಧಾಂತ ವಿವರಿಸಲಾರದು ಎಂದು ಆಕ್ಷೇಪಿಸಿದರು. ಡಿ ಬ್ರಾಯ್ ಕೊಟ್ಟ ಉತ್ತರದ ದಿಕ್ಕು ಸರಿಯಾಗಿತ್ತೆಂದು ಇಂದು ಅನೇಕರು ಒಪ್ಪುತ್ತಾರೆ. ಅಂದು ಅದನ್ನು ಪೂರ್ತಿಯಾಗಿ ಬಿಡಿಸಿ ತೋರಿಸಲು ಅವರಿಂದ ಆಗಲಿಲ್ಲ. ಕೋಪನ್‌ಹೇಗನ್ ನಿಲುವನ್ನು ಒಪ್ಪದ ಐನ್‌ಸ್ಟೈನ್ ಅವರಿಗೆ ಸಹಾನುಭೂತಿಯಿತ್ತಾದರೂ, ಈ ಸಿದ್ಧಾಂತದ ಪರವಾಗಿ ಅವರು ನಿಲ್ಲಲಿಲ್ಲ.

ಪೌಲಿಯ ಆಕ್ಷೇಪಣೆಯೊಂದೇ ಅವರ ಮನಸ್ಸನ್ನು ಬದಲಿಸಿತೆಂದು ಹೇಳುವುದು ರೂಢಿ. ಅದು ಅರ್ಧ ಸತ್ಯ. ಅನೇಕ ಕಣಗಳಿರುವಾಗ ಶ್ರೋಡಿಂಗರ್ ಅಲೆ ನಮ್ಮ ಮೂರು ಆಯಾಮಗಳ ಲೋಕದಲ್ಲಿ ಹರಡುವುದಿಲ್ಲ. ಎರಡು ಕಣಗಳಿಗೆ ಆರು, ಮೂರು ಕಣಗಳಿಗೆ ಒಂಬತ್ತು ಆಯಾಮಗಳ ಕಾಲ್ಪನಿಕ ಅವಕಾಶದಲ್ಲಿ ಹರಡುತ್ತದೆ. ಅಂತಹ ಗಣಿತದ ಅಲೆ ನಿಜವಾದ ಕಣವನ್ನು ತಳ್ಳುವುದು ಹೇಗೆಂಬ ಸಂಶಯ ಡಿ ಬ್ರಾಯ್ ಅವರದೇ ಆಗಿತ್ತು. ತಾವು ನಂಬಿದ್ದ ‘ಇಮ್ಮಡಿ ಪರಿಹಾರ’ವನ್ನು ಸಾಧಿಸಲಾಗದೆ, ಸಾಧಿಸಬಹುದಾದ ರೂಪವನ್ನು ನಂಬಲಾಗದೆ ಅವರು ಎರಡನ್ನೂ ಬಿಟ್ಟರು.

ಅಧ್ಯಾಪನದ ವರ್ಷಗಳು

1928ರಿಂದ ಅವರು ಪ್ಯಾರಿಸ್ಸಿನಲ್ಲಿ ಹೊಸದಾಗಿ ಆರಂಭವಾದ ಆನ್ರಿ ಪ್ವಾಂಕರೆ ಸಂಸ್ಥೆಯಲ್ಲಿ ಪಾಠ ಹೇಳತೊಡಗಿದರು. ಮುಂದೆ ಸೊರ್ಬಾನ್‌ನ ಸೈದ್ಧಾಂತಿಕ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ 1962ರವರೆಗೆ ಕೆಲಸ ಮಾಡಿದರು. ಈ ಅವಧಿಯ ಮೊದಲ ಎರಡು ದಶಕಗಳಲ್ಲಿ ಅವರು ವಿದ್ಯಾರ್ಥಿಗಳಿಗೆ ಕಲಿಸಿದ್ದು ಕೋಪನ್‌ಹೇಗನ್ ವ್ಯಾಖ್ಯಾನವನ್ನೇ. ಗಣಿತಜ್ಞ ಜಾನ್ ಫಾನ್ ನಾಯ್ಮನ್ 1932ರ ತಮ್ಮ ಗ್ರಂಥದಲ್ಲಿ, ಕ್ವಾಂಟಂ ಸಿದ್ಧಾಂತದ ಹಿಂದೆ ಅಡಗಿದ ನಿಶ್ಚಿತ ಚಲನೆಗಳನ್ನು ಕಲ್ಪಿಸುವುದು ಸಾಧ್ಯವೇ ಇಲ್ಲ ಎಂಬ ಸಾಧನೆಯನ್ನು ಮುಂದಿಟ್ಟಾಗ ವಾದ ಮುಗಿದಂತೆ ಕಂಡಿತು. ಆ ಸಾಧನೆಯ ಒಂದು ಆಧಾರ ದುರ್ಬಲವೆಂದು ಜರ್ಮನಿಯ ಗ್ರೇಟೆ ಹೆರ್ಮನ್ 1935ರಲ್ಲೇ ತೋರಿಸಿದ್ದರೂ ಯಾರೂ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಗೌರವಗಳು ಮಾತ್ರ ಒಂದರ ಹಿಂದೆ ಒಂದು ಬಂದವು. 1933ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಸಿಕ್ಕಿತು. 1942ರಿಂದ 1975ರವರೆಗೆ ಅವರು ಅದರ ಕಾಯಂ ಕಾರ್ಯದರ್ಶಿಯಾಗಿದ್ದರು. 1944ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದಾಗ, ಅದಾಗಲೇ ಸದಸ್ಯರಾಗಿದ್ದ ಅಣ್ಣ ಮಾರಿಸ್ ಅವರೇ ತಮ್ಮನನ್ನು ಸಭೆಗೆ ಬರಮಾಡಿಕೊಂಡರು. ಯುದ್ಧದಿಂದ ಜರ್ಜರಿತವಾದ ಯೂರೋಪಿನ ರಾಷ್ಟ್ರಗಳು ಕೂಡಿ ಒಂದು ಸಂಶೋಧನಾ ಕೇಂದ್ರವನ್ನು ಕಟ್ಟಬೇಕೆಂದು 1949ರ ಡಿಸೆಂಬರ್‌ನಲ್ಲಿ ಲೊಸಾನ್ ನಗರದ ಸಾಂಸ್ಕೃತಿಕ ಸಮ್ಮೇಳನಕ್ಕೆ ಅವರು ಕಳುಹಿಸಿದ ಸಂದೇಶ, ಸರ್ನ್ ಸಂಸ್ಥೆಯ ಸ್ಥಾಪನೆಗೆ ದಾರಿ ಮಾಡಿದ ಮೊದಲ ಹೆಜ್ಜೆಗಳಲ್ಲಿ ಒಂದು. ಸಾಮಾನ್ಯ ಓದುಗರಿಗಾಗಿ ವಿಜ್ಞಾನವನ್ನು ಬರೆದದ್ದಕ್ಕಾಗಿ 1952ರಲ್ಲಿ ಅವರಿಗೆ ಕಳಿಂಗ ಪ್ರಶಸ್ತಿ ಬಂದಿತು. ಒಡಿಶಾದ ಬಿಜು ಪಟ್ನಾಯಕ್ ಅವರ ದತ್ತಿಯಿಂದ ಯುನೆಸ್ಕೊ ಸ್ಥಾಪಿಸಿದ ಈ ಪ್ರಶಸ್ತಿಯನ್ನು ಪಡೆದ ಮೊದಲಿಗರು ಅವರು.

ಹಳೆಯ ಕಲ್ಪನೆಗೆ ಮರಳಿದ್ದು

1951ರಲ್ಲಿ ಅಮೆರಿಕದ ಯುವ ಭೌತವಿಜ್ಞಾನಿ ಡೇವಿಡ್ ಬೋಮ್ ತಮ್ಮ ಲೇಖನಗಳ ಹಸ್ತಪ್ರತಿಯನ್ನು ಡಿ ಬ್ರಾಯ್ ಅವರಿಗೆ ಕಳುಹಿಸಿದರು. ಅದರಲ್ಲಿ ಮಾರ್ಗದರ್ಶಿ ತರಂಗದ ಸಿದ್ಧಾಂತ ಮತ್ತೆ ರೂಪುಗೊಂಡಿತ್ತು. ಅಳತೆಯ ಉಪಕರಣವನ್ನೂ ಲೆಕ್ಕಕ್ಕೆ ಸೇರಿಸಿಕೊಂಡರೆ ಪೌಲಿಯ ಆಕ್ಷೇಪಣೆ ಉಳಿಯುವುದಿಲ್ಲವೆಂದು ಬೋಮ್ ತೋರಿಸಿದ್ದರು. ಡಿ ಬ್ರಾಯ್ ಮೊದಲು ಮಾಡಿದ್ದು, ತಾವೇ ಹಿಂದೆ ಕೇಳಿದ್ದ ಆಕ್ಷೇಪಣೆಗಳನ್ನು ಬೋಮ್ ಅವರ ಮುಂದಿಟ್ಟು ಟಿಪ್ಪಣಿ ಪ್ರಕಟಿಸಿದ್ದು. ಆದರೆ ಕೆಲವೇ ತಿಂಗಳುಗಳಲ್ಲಿ, ಸಹಾಯಕರಾಗಿದ್ದ ಜಾನ್-ಪಿಯೆರ್ ವಿಜಿಯೆ ಅವರೊಡನೆ ನಡೆದ ಚರ್ಚೆಗಳ ಬಳಿಕ, ಅವರ ಅಭಿಪ್ರಾಯ ತಿರುಗಿತು. ಅವರು ಮರಳಿದ್ದು ಬೋಮ್ ಎತ್ತಿಕೊಂಡ ಸರಳ ರೂಪಕ್ಕಲ್ಲ; ಕಣ ತನ್ನ ಅಲೆಯ ಒಡಲಲ್ಲೇ ಇರುವ, 1927ರಲ್ಲಿ ಅರ್ಧಕ್ಕೆ ಬಿಟ್ಟಿದ್ದ ‘ಇಮ್ಮಡಿ ಪರಿಹಾರ’ಕ್ಕೆ.

ಅರವತ್ತು ದಾಟುತ್ತಿದ್ದ, ನೊಬೆಲ್ ಪಡೆದ, ದೇಶದ ವಿಜ್ಞಾನ ವ್ಯವಸ್ಥೆಯ ಮೇಲ್ತುದಿಯಲ್ಲಿದ್ದ ವ್ಯಕ್ತಿಯೊಬ್ಬರು ಇಪ್ಪತ್ತು ವರ್ಷ ತಾವೇ ಕಲಿಸಿದ್ದನ್ನು ಬಿಟ್ಟು ಬಹಿರಂಗವಾಗಿ ಬೇರೆ ಪಕ್ಷ ಹಿಡಿದದ್ದು ಅಪರೂಪದ ಸಂಗತಿ. ಹೆಚ್ಚಿನ ಭೌತವಿಜ್ಞಾನಿಗಳು ಅದನ್ನು ವೃದ್ಧಾಪ್ಯದ ಹಠವೆಂದು ಬದಿಗಿಟ್ಟರು. 1956ರಲ್ಲಿ ಈ ವಿಷಯದ ಗ್ರಂಥವನ್ನು ಪ್ರಕಟಿಸಿದ ನಂತರವೂ ಅವರು ಸಣ್ಣ ಶಿಷ್ಯಬಳಗದೊಡನೆ ಕೆಲಸ ಮುಂದುವರಿಸಿದರು. ಫ್ರಾನ್ಸಿನ ಒಳಗೇ ಅವರ ಮೇಲೆ ಇನ್ನೊಂದು ದೂರು ಇತ್ತು: ಅವರ ಸುತ್ತಲಿನ ಗುಂಪು ಹೊರಗಿನ ಬೆಳವಣಿಗೆಗಳಿಂದ ದೂರವಾಗಿ, ಆ ದೇಶದ ಸೈದ್ಧಾಂತಿಕ ಭೌತವಿಜ್ಞಾನ ಒಂದು ತಲೆಮಾರಿನಷ್ಟು ಹಿಂದುಳಿಯಿತು ಎಂಬುದು. ಅದರಲ್ಲಿ ಸ್ವಲ್ಪ ನಿಜವಿದೆ.

ಮಾರ್ಗದರ್ಶಿ ತರಂಗಕ್ಕೆ ಬೆಂಬಲ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಸರ್ನ್‌ನಲ್ಲಿ ಕೆಲಸ ಮಾಡುತ್ತಿದ್ದ ಐರ್ಲೆಂಡಿನ ಜಾನ್ ಬೆಲ್ ಬೋಮ್ ಅವರ ಲೇಖನಗಳಿಂದ ಪ್ರೇರಿತರಾಗಿ, 1964ರಲ್ಲಿ ತಮ್ಮ ಪ್ರಸಿದ್ಧ ಪ್ರಮೇಯವನ್ನು ಕಂಡುಕೊಂಡರು. 1966ರಲ್ಲಿ ಪ್ರಕಟವಾದ ಮತ್ತೊಂದು ಲೇಖನದಲ್ಲಿ ಫಾನ್ ನಾಯ್ಮನ್ ಸಾಧನೆಯ ದೋಷವನ್ನು ಬಯಲಿಗಿಟ್ಟರು. ಡಿ ಬ್ರಾಯ್ 1927ರಲ್ಲೇ ಹೇಳಿದ್ದನ್ನು ವಿದ್ಯಾರ್ಥಿಗಳಿಗೆ ಏಕೆ ಕಲಿಸುವುದಿಲ್ಲ ಎಂದು ಅವರು ಕಡೆಯವರೆಗೂ ಕೇಳುತ್ತಿದ್ದರು.

ಕೊನೆಯ ವರ್ಷಗಳು

1960ರಲ್ಲಿ ಮಾರಿಸ್ ತೀರಿಕೊಂಡಾಗ ಲೂಯಿ ಏಳನೆಯ ಡ್ಯೂಕ್ ಆದರು. ಅವರು ಮದುವೆಯಾಗಲಿಲ್ಲ. ಪ್ಯಾರಿಸ್ಸಿನ ಹೊರವಲಯದ ನ್ಯೂಯಿಯಲ್ಲಿ ಸರಳವಾಗಿ ಬದುಕಿದರು. ದ್ರವ್ಯ ತರಂಗಗಳ ಶೋಧನೆಯ 50ನೆಯ ವರ್ಷವಾದ 1973ರಲ್ಲಿ ಅವರ ಹೆಸರಿನ ಪ್ರತಿಷ್ಠಾನ ಸ್ಥಾಪನೆಯಾಯಿತು. 1987ರ ಮಾರ್ಚ್ 19ರಂದು, 94ನೆಯ ವಯಸ್ಸಿನಲ್ಲಿ, ಲೂವೆಸಿಯೆನ್‌ನಲ್ಲಿ ನಿಧನರಾದರು.

ನಡೆಯುವ ಹನಿಗಳು

2005ರಲ್ಲಿ ಪ್ಯಾರಿಸ್ಸಿನ ಈವ್ ಕೂಡೆ, ಎಮ್ಯಾನ್ಯುಯೆಲ್ ಫೋರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಕ್ಕೆ ಬೇಕಾದ ಸಾಮಗ್ರಿ ಬಹಳ ಸರಳ: ಸಿಲಿಕೋನ್ ಎಣ್ಣೆ ತುಂಬಿದ ತಟ್ಟೆ, ಅದನ್ನು ಮೇಲೆ ಕೆಳಗೆ ಅದುರಿಸುವ ಯಂತ್ರ, ಅದೇ ಎಣ್ಣೆಯ ಒಂದು ಹನಿ. ದ್ರವದ ತಟ್ಟೆಯನ್ನು ಒಂದು ಮಿತಿಗಿಂತ ಹೆಚ್ಚಾಗಿ ಅದುರಿಸಿದರೆ ಮೇಲ್ಮೈಯಲ್ಲಿ ತಾನಾಗಿ ಅಲೆಗಳ ವಿನ್ಯಾಸ ಮೂಡುತ್ತದೆ, ಅವುಗಳ ಆವೃತ್ತಿ ಅದುರುವಿಕೆಯ ಅರ್ಧದಷ್ಟಿರುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲೇ ವಿವರಿಸಿದ್ದರು. ಕೂಡೆ ತಂಡ ಆ ಮಿತಿಗೆ ತುಸು ಕೆಳಗೆ ನಿಂತಿತು. ಆಗ ಎಣ್ಣೆಯ ಮೇಲ್ಮೈ ಸಮತಟ್ಟಾಗಿಯೇ ಇರುತ್ತದೆ, ಆದರೆ ಸಣ್ಣ ತಾಡನ ಸಿಕ್ಕರೂ ಎದ್ದ ಅಲೆ ಬೇಗ ಅಡಗುವುದಿಲ್ಲ.

ಸುಮಾರು ಒಂದು ಮಿಲಿಮೀಟರ್ ಅಗಲದ ಹನಿಯನ್ನು ಮೇಲೆ ಬಿಟ್ಟರೆ ಅದು ಎಣ್ಣೆಯಲ್ಲಿ ಕರಗಿಹೋಗುವುದಿಲ್ಲ. ನಡುವಿನ ತೆಳುವಾದ ಗಾಳಿಯ ಪೊರೆ ಸರಿದುಹೋಗುವ ಮೊದಲೇ ತಟ್ಟೆ ಹನಿಯನ್ನು ಮೇಲಕ್ಕೆ ಚಿಮ್ಮುತ್ತದೆ. ಹನಿ ಪುಟಿಯುತ್ತಲೇ ಇರುತ್ತದೆ, ಪ್ರತಿ ಪುಟಿತಕ್ಕೂ ಒಂದು ಅಲೆಯನ್ನು ಎಬ್ಬಿಸುತ್ತದೆ. ಅದುರುವಿಕೆ ಹೆಚ್ಚಿದಂತೆ ಹನಿ ತನ್ನದೇ ಅಲೆಯ ಇಳಿಜಾರಿನ ಮೇಲೆ ಬೀಳತೊಡಗಿ, ಪ್ರತಿ ಬಾರಿಯೂ ಪಕ್ಕಕ್ಕೆ ಒಂದಿಷ್ಟು ತಳ್ಳಿಸಿಕೊಂಡು, ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್ ವೇಗದಲ್ಲಿ ನಡೆಯುತ್ತದೆ. ಅಲೆಯಿಲ್ಲದೆ ಹನಿ ಚಲಿಸದು, ಹನಿಯಿಲ್ಲದೆ ಅಲೆ ಉಳಿಯದು. ಹಿಂದಿನ ಪುಟಿತಗಳ ಅಲೆಗಳು ಇನ್ನೂ ಮೇಲ್ಮೈಯಲ್ಲಿ ಉಳಿದಿರುವುದರಿಂದ ಹನಿಯ ಮುಂದಿನ ಹೆಜ್ಜೆ ಅದು ಎಲ್ಲೆಲ್ಲಿ ಹಾದು ಬಂದಿದೆ ಎಂಬುದನ್ನೂ ಅವಲಂಬಿಸಿರುತ್ತದೆ. ಸಂಶೋಧಕರು ಇದನ್ನು ದಾರಿಯ ನೆನಪು ಎಂದು ಕರೆದರು.

ಇದು ಬೋಮ್ ಚಿತ್ರಕ್ಕಿಂತ ಡಿ ಬ್ರಾಯ್ ಅವರ ಮೂಲ ಚಿತ್ರಕ್ಕೆ ಹತ್ತಿರ. ಹನಿಯ ಪುಟಿತ ಅವರ ಕಣದ ಆಂತರಿಕ ಗಡಿಯಾರದಂತಿದೆ. ಅದು ಅಲೆಯ ತಾಳಕ್ಕೆ ಹೊಂದಿಕೊಂಡೇ ನಡೆಯುತ್ತದೆ. ಅಲೆಯ ಮೂಲ ಕಣವೇ. ಹನಿಯನ್ನು ಹೊತ್ತ ಅಲೆ ಬೇರೆ, ದೀರ್ಘಕಾಲದ ಚಲನೆಯ ಸರಾಸರಿಯಲ್ಲಿ ಮೂಡುವ ವಿನ್ಯಾಸ ಬೇರೆ ಎಂಬುದು ‘ಇಮ್ಮಡಿ ಪರಿಹಾರ’ದ ಎರಡು ಅಲೆಗಳನ್ನು ನೆನಪಿಸುತ್ತದೆ.

ಮುಂದಿನ ಪ್ರಯೋಗಗಳು ಹೋಲಿಕೆಯನ್ನು ಬೆಳೆಸಿದವು. ತೆಳುವಾದ ತಡೆಯೊಂದನ್ನು ಹನಿ ಕೆಲವೊಮ್ಮೆ ದಾಟುತ್ತದೆ, ಕೆಲವೊಮ್ಮೆ ದಾಟದೆ ಮರಳುತ್ತದೆ ಎಂದು 2009ರಲ್ಲಿ ಕಂಡುಬಂದಿತು. ತಟ್ಟೆಯನ್ನೇ ತಿರುಗಿಸಿದಾಗ ಹನಿ ವೃತ್ತಾಕಾರವಾಗಿ ಸುತ್ತುತ್ತದೆ; ಅಲೆಯ ನೆನಪು ದೀರ್ಘವಾಗಿದ್ದರೆ ಎಲ್ಲ ಅಳತೆಯ ವೃತ್ತಗಳೂ ಸಾಧ್ಯವಾಗದೆ, ಕೆಲವು ನಿಶ್ಚಿತ ತ್ರಿಜ್ಯಗಳಷ್ಟೇ ಉಳಿಯುತ್ತವೆ. 2010ರ ಈ ಫಲಿತಾಂಶ, ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನಿನ ಮಟ್ಟಗಳನ್ನು ಹೋಲುತ್ತದೆ. ಅಮೆರಿಕದ ಎಂಐಟಿಯ ಜಾನ್ ಬುಷ್ ಅವರ ತಂಡ ಪ್ಯಾರಿಸ್ಸಿನವರೊಡನೆ ಸೇರಿ 2013ರಲ್ಲಿ, ದುಂಡನೆಯ ಕೊಳದೊಳಗೆ ಒಂದೇ ಹನಿಯನ್ನು ದೀರ್ಘಕಾಲ ನಡೆಯಲು ಬಿಟ್ಟಿತು. ಹನಿಯ ದಾರಿಯಲ್ಲಿ ಯಾವ ಕ್ರಮವೂ ಕಾಣದಿದ್ದರೂ, ಅದು ಎಲ್ಲೆಲ್ಲಿ ಎಷ್ಟು ಹೊತ್ತು ಇತ್ತೆಂಬುದನ್ನು ಕೂಡಿಸಿದಾಗ ಉಂಗುರಗಳ ವಿನ್ಯಾಸ ಮೂಡಿತು. ತಾಮ್ರದ ಮೇಲ್ಮೈಯಲ್ಲಿ 48 ಕಬ್ಬಿಣದ ಪರಮಾಣುಗಳನ್ನು ವೃತ್ತಾಕಾರವಾಗಿ ಜೋಡಿಸಿ ಅವುಗಳೊಳಗೆ ಎಲೆಕ್ಟ್ರಾನುಗಳನ್ನು ಸೆರೆಹಿಡಿದ 1993ರ ಪ್ರಯೋಗದ ಚಿತ್ರಕ್ಕೂ ಇದಕ್ಕೂ ಇರುವ ಹೋಲಿಕೆ ಗಮನಾರ್ಹ.

ಹೋಲಿಕೆಯ ಮಿತಿಗಳು

ಈ ಹನಿಗಳು ಕ್ವಾಂಟಂ ಕಣಗಳಲ್ಲ. ಅವುಗಳ ಚಲನೆಯಲ್ಲಿ ಪ್ಲಾಂಕ್ ಸ್ಥಿರಾಂಕಕ್ಕೆ ಪಾತ್ರವಿಲ್ಲ. ಉದ್ದದ ಅಳತೆಯನ್ನು ನಿಗದಿ ಮಾಡುವುದು ಫ್ಯಾರಡೆ ಅಲೆಯ ತರಂಗದೂರ. ಯಂತ್ರದಿಂದ ಶಕ್ತಿ ಬರುವುದು ನಿಂತರೆ ಎಲ್ಲವೂ ನಿಲ್ಲುತ್ತದೆ. ಅಲೆ ಹರಡಲು ಇಲ್ಲಿ ಎಣ್ಣೆಯಿದೆ. ಎಲೆಕ್ಟ್ರಾನಿನ ಅಲೆ ಯಾವುದರ ಅಲೆ ಎಂಬ ಪ್ರಶ್ನೆಗೆ ಡಿ ಬ್ರಾಯ್ ಅವರ ಬಳಿಯೂ ಕಡೆಯವರೆಗೆ ಖಚಿತವಾದ ಉತ್ತರವಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಅಂತರ ಹೆಣೆದುಕೊಂಡ ಕಣಗಳಲ್ಲಿದೆ. ದೂರ ದೂರದ ಎರಡು ಕಣಗಳ ಅಳತೆಗಳ ನಡುವೆ ಬೆಲ್ ಮಿತಿಯನ್ನು ಮೀರಿದ ಸಂಬಂಧವಿದೆ ಎಂದು ಅಲೆನ್ ಆಸ್ಪೆ 1982ರಲ್ಲಿ ಪ್ಯಾರಿಸ್ ಬಳಿಯ ಓರ್ಸೆಯಲ್ಲೇ ತೋರಿಸಿದ್ದರು. ಹತ್ತಿರದಿಂದ ಹತ್ತಿರಕ್ಕೆ ಮಾತ್ರ ಸಾಗುವ ಎಣ್ಣೆಯ ಅಲೆ ಅಂತಹ ಸಂಬಂಧವನ್ನು ಕೊಡುತ್ತದೆಂದು ನಿರೀಕ್ಷಿಸಲಾಗದು. 1927ರಲ್ಲಿ ಡಿ ಬ್ರಾಯ್ ಅವರನ್ನು ಕಾಡಿದ ಅನೇಕ ಆಯಾಮಗಳ ತೊಡಕು ಇಲ್ಲಿಯೂ ಬಂದು ನಿಲ್ಲುತ್ತದೆ.

ಎರಡು ಸೀಳುಕಿಂಡಿಗಳ ಪ್ರಯೋಗದ ಕಥೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಹನಿ ಒಂದೇ ಕಿಂಡಿಯಲ್ಲಿ ಹಾಯುತ್ತದೆ, ಅದರ ಅಲೆ ಎರಡರಲ್ಲೂ ಹಾಯುತ್ತದೆ. ಹೀಗೆ ಹಾಯ್ದ ಹನಿಗಳ ದಿಕ್ಕುಗಳನ್ನು ಕೂಡಿಸಿದರೆ ವ್ಯತಿಕರಣದ ಪಟ್ಟೆಗಳು ಸಿಗುತ್ತವೆ ಎಂದು ಕೂಡೆ ಮತ್ತು ಫೋರ್ 2006ರಲ್ಲಿ ವರದಿ ಮಾಡಿದರು. ಜನಪ್ರಿಯ ಬರಹಗಳಲ್ಲಿ ಅತಿ ಹೆಚ್ಚು ಪ್ರಚಾರ ಪಡೆದದ್ದು ಈ ಫಲಿತಾಂಶವೇ. ಆದರೆ ಅಂದು ದಾಖಲಾದ ಹನಿಗಳ ಸಂಖ್ಯೆ ಕಡಿಮೆಯಿತ್ತು. ನೀಲ್ಸ್ ಬೋರ್ ಅವರ ಮೊಮ್ಮಗ, ದ್ರವ ಚಲನೆಯ ತಜ್ಞ ಟೋಮಸ್ ಬೋರ್ ಅವರೂ ಇದ್ದ ಡೆನ್ಮಾರ್ಕಿನ ತಂಡ 2015ರಲ್ಲಿ ಪ್ರಯೋಗವನ್ನು ಮತ್ತೆ ಮಾಡಿದಾಗ ಪಟ್ಟೆಗಳು ಕಾಣಲಿಲ್ಲ. ಜಾನ್ ಬುಷ್ ಅವರ ತಂಡ 2018ರಲ್ಲಿ ಗಾಳಿಯ ಅಲುಗಾಟವನ್ನೂ ತಡೆದು ನಡೆಸಿದ ಎಚ್ಚರಿಕೆಯ ಪ್ರಯೋಗಗಳಲ್ಲಿಯೂ 2006ರ ವಿನ್ಯಾಸ ಮರಳಿ ಸಿಗಲಿಲ್ಲ. ಎರಡನೆಯ ಕಿಂಡಿ ಇರುವುದು ಹನಿಯ ದಾರಿಯ ಮೇಲೆ ಪರಿಣಾಮ ಬೀರುತ್ತದೆ ಎಂಬುದು ಮಾತ್ರ ಉಳಿಯಿತು. ಈವ್ ಕೂಡೆ 2019ರಲ್ಲಿ ನಿಧನರಾದರು. ತಿರುಗುವ ತಟ್ಟೆಯ ನಿಶ್ಚಿತ ಕಕ್ಷೆಗಳು ಮತ್ತು ದುಂಡು ಕೊಳದ ವಿನ್ಯಾಸಗಳ ಅಧ್ಯಯನ ದ್ರವ ಚಲನಶಾಸ್ತ್ರದ ಒಂದು ಶಾಖೆಯಾಗಿ ಮುಂದುವರಿದಿದೆ.